ನಲವತ್ತೊಂದು ಹೆಸರುಗಳ ವರದಿ

ಮಲ್ಪೆ ಹೊಸದಂಡೆ,
ಹದಿಮೂರನೇ ತಿಂಗಳ ನಲವತ್ತನೇ ದಿನ, ೨೩೧೪

ಮುನ್ನೂರು ವರ್ಷ ಹಿಂದಿನ ಹಿರಿಯರೇ,

ದಿನಾಂಕ ನೋಡಿ ನಗಬೇಡಿ. ಮಳೆ ಮುಗಿಯದೆ ವರ್ಷ ಮುಗಿಸಬಾರದೆಂದು ನಾವು ಉದ್ದನೆಯ ತಿಂಗಳೊಂದನ್ನು ಸೇರಿಸಿಕೊಂಡಿದ್ದೇವೆ. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. 'ಎದುರುದಂಡೆ' ಎಂದರೆ ಕಡಲಾಚೆಯ ದೇಶ. ಅದರ ನಿಜವಾದ ಹೆಸರು ಬರೆಯುವುದು ಈಗ ಅಪರಾಧ. ನಾನು ಗುಲಾಬಿ ಸಾಲಿಯಾನ್, 'ಶೋಧದ ಶೋಧಕಿ'. ವಿಜ್ಞಾನಿಗಳು ಹೇಗೆ ಕೆಲಸ ಮಾಡುತ್ತಾರೆ, ಯಾರು ಯಾರನ್ನು ನಂಬುತ್ತಾರೆ ಎಂದು ಅಧ್ಯಯನ ಮಾಡಿ ರಾಯಭಾರಿಗಳಿಗೆ ತಿಳಿಸುವುದು ನನ್ನ ಉದ್ಯೋಗ.

ನಮ್ಮಲ್ಲೊಂದು ಪದ್ಧತಿಯಿದೆ. ಕಡಲಿನ ಬಗ್ಗೆ ಯಾವ ವರದಿ ಬರೆದರೂ ಎದುರುದಂಡೆಯ ವಿಜ್ಞಾನಿಗಳ ಹೆಸರುಗಳನ್ನು ಲೇಖಕರ ಪಟ್ಟಿಗೆ ಮರ್ಯಾದೆಗೆ ಸೇರಿಸುತ್ತೇವೆ. ಅವರೂ ನಮ್ಮವನ್ನು ಸೇರಿಸುತ್ತಾರೆ. ಮದುವೆಯ ಕರೆಯೋಲೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿ ಇದ್ದ ಹಾಗೆ. ಅದರಲ್ಲಿ ಅರ್ಧ ಜನ ಮದುವೆಗೇ ಬಂದಿರುವುದಿಲ್ಲ! ನಾನು ಆ ಹೆಸರುಗಳನ್ನು ಎಣಿಸಿದೆ. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಎರಡು ದಂಡೆಗಳ ನಂಟು ಗಟ್ಟಿಯಾಗಿದೆ ಎಂದು ಬರೆದುಕೊಟ್ಟೆ. ರಾಯಭಾರಿಗಳು ಹಿಗ್ಗಿ ಹೀರೇಕಾಯಿಯಾದರು. ನಾನೂ ಅಷ್ಟೇ.

ಹೋದ ತಿಂಗಳು ಎದುರುದಂಡೆಯಿಂದ ಸರ್ಕಾರಕ್ಕೆ ಎಚ್ಚರಿಕೆ ಬಂತು: ಕಡಲಡಿಯಿಂದ ವಿಷಗಾಳಿ ಏಳುತ್ತಿದೆ, ದೋಣಿ ಇಳಿಸಬೇಡಿ. ಅದನ್ನು ಪತ್ತೆ ಮಾಡಿದ ಉಪಕರಣದ ವರದಿಯಲ್ಲಿ ನಲವತ್ತೊಂದು ಹೆಸರುಗಳಿದ್ದವು, ಹತ್ತೊಂಬತ್ತು ನಮ್ಮವರದು. ಉಪಕರಣವನ್ನು ಕಣ್ಣಾರೆ ಕಂಡವರು ಯಾರೆಂದು ಸಚಿವರು ಕೇಳಿದರು. ಹತ್ತೊಂಬತ್ತು ಮಂದಿಯಲ್ಲಿ ಒಬ್ಬರೂ ಕಂಡಿರಲಿಲ್ಲ. ನಮ್ಮ ಮೀನಿಗೆ ಕೈಹಾಕುವ ಹುನ್ನಾರ ಇದು ಎಂದು ಯಾರೋ ಅಂದರಂತೆ. ಎಚ್ಚರಿಕೆಯನ್ನು ನಂಬುವುದೋ ಬೇಡವೋ ಎಂಬ ಚರ್ಚೆ ಒಂಬತ್ತು ದಿನ ಗುಟ್ಟಾಗಿ ನಡೆಯಿತು, ಮೀನುಗಾರರಿಗಿರಲಿ, ನನಗೂ ತಿಳಿಯಲಿಲ್ಲ.

ಮೂರನೆಯ ದಿನ ನನ್ನ ತಮ್ಮ ಶೀನ ಇನ್ನೂ ಆರು ಮಂದಿಯೊಡನೆ ದೋಣಿ ಇಳಿಸಿದ. ಕಡಲ ಬಣ್ಣ ಯಾಕೋ ಸರಿಯಿಲ್ಲ ಎಂದು ನಾನು ಅಂದದ್ದಕ್ಕೆ, "ಏನಾದ್ರೂ ಇದ್ರೆ ಆಚೆಯವರು ಹೇಳ್ತಾರೆ ಅಕ್ಕ, ನಂಟು ಗಟ್ಟಿ ಅಂತ ನೀನೇ ಬರ್ದಿದ್ದೀಯಲ್ಲ" ಎಂದು ನಕ್ಕ. ದೋಣಿ ತೇಲುತ್ತಾ ಮರಳಿತು. ಏಳು ಮಂದಿಯೂ ಅದರಲ್ಲೇ ಇದ್ದರು, ನಿದ್ದೆ ಹೋದವರ ಹಾಗೆ. ನಾನು ಶೀನನ ಭುಜ ಹಿಡಿದು ಅಲ್ಲಾಡಿಸಿದೆ. ನನ್ನ ಮೇಲೆ ನನಗೆ ಹೇಸಿಗೆಯಾಗಿದೆ.

ಈಗ ಆ ಸಾವುಗಳ ಬಗ್ಗೆಯೂ ಜಂಟಿ ವರದಿ ಸಿದ್ಧವಾಗಿದೆ. ಅರವತ್ತು ಹೆಸರುಗಳು, ಮರ್ಯಾದೆಗೆಂದು ನನ್ನದೂ ಇದೆ. ನನ್ನನ್ನು ಬಿಟ್ಟರೆ ದೋಣಿ ನೋಡಲು ಅವರಲ್ಲಿ ಒಬ್ಬರೂ ಬಂದಿಲ್ಲ.

ನಿಮ್ಮ ಕಾಲದಲ್ಲೂ ನನ್ನಂಥವರು ಇದ್ದಾರೆಂದು ಓದಿದ್ದೇನೆ. ಕೈಮುಗಿದು ಕೇಳುತ್ತೇನೆ, ಹೆಸರು ಎಣಿಸಿ ಸ್ನೇಹವೆನ್ನಬೇಡಿ. ಯಾರು ಯಾರ ಪ್ರಯೋಗಶಾಲೆಗೆ ಹೋದರು, ಅವರ ಪ್ರಯೋಗವನ್ನು ಕೈಯಾರೆ ಮತ್ತೆ ಮಾಡಿ ನೋಡಿದರೇ, ಜಗಳವಾಡಿ ಮತ್ತೆ ಜೊತೆಗೆ ಕೂತರೇ ಎಂದು ವಿಚಾರಿಸಿ. ರಾಯಭಾರಿಗಳಿಗೆ ಅದನ್ನು ಹೇಳಿ, ಅವರಿಗೆ ಇಷ್ಟವಾಗದಿದ್ದರೂ.

ಕಿಟಕಿಯ ಹೊರಗೆ ಬೆಳಗಿನ ದೋಣಿಗಳು ಹೊರಡುತ್ತಿವೆ. ಎದುರುದಂಡೆಯಿಂದ ಇನ್ನೊಂದು ಎಚ್ಚರಿಕೆ ಬಂದಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.

ಶೀನನ ಅಕ್ಕ,
ಗುಲಾಬಿ