ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಿನ್ನ ಆಣೆ ಮುರಿದೆ

ಅಕ್ಕಾ,

ಕೋಪ ಮಾಡಿಕೊಳ್ಳಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ನೀನು ಭಾಗ್ಯಳಿಂದ ಹಾಕಿಸಿಕೊಂಡಿದ್ದ ಆಣೆಯನ್ನು ನಾನು ಮುರಿದೆ. ನಿನ್ನ ಮಗಳದೇನೂ ತಪ್ಪಿಲ್ಲ, ಅವಳು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಆ ಹಟ ನಿನ್ನದಲ್ಲದೆ ಇನ್ಯಾರಿಂದ ಬರಬೇಕು?

ಕಿಡ್ನಿ ಕಲ್ಲಿನ ನೋವಿಗೆ ನಿನ್ನನ್ನು ಮೊದಲ ಸಲ ಕೆ.ಆರ್. ನಗರದಿಂದ ಮೈಸೂರಿಗೆ ಕರೆದುಕೊಂಡು ಹೋದ ದಿನ ನೆನಪಿದೆ. ಸಿಟಿ ಸ್ಕ್ಯಾನ್ ಮುಗಿಸಿ ಹೊರಗೆ ಬಂದವಳೇ, "ಏನೂ ನೋವಾಗ್ನಿಲ್ಲ ಕಣೇ, ಮಲಗ್ಸಿ ಒಳಕ್ಕೆ ತಳ್ಳುದ್ರು, ಈಚೆಗೆ ಎಳುದ್ರು. ಹೊಟ್ಟೇಲಿರೋದೆಲ್ಲ ಕಂಡೋಯ್ತಂತೆ," ಅಂದೆ. ಅವತ್ತಿನಿಂದ ಸ್ಕ್ಯಾನ್ ಬರೆಯದ ಡಾಕ್ಟರು ನಿನ್ನ ಪಾಲಿಗೆ ಡಾಕ್ಟರೇ ಅಲ್ಲ. ಬರೀ ಮಾತ್ರೆ ಕೊಟ್ಟು ಕಳಿಸಿದರೆ, ಅವನಿಗೇನು ಗೊತ್ತು ಅಂತ ಗೊಣಗಿಕೊಂಡು ಇನ್ನೊಂದು ಆಸ್ಪತ್ರೆಗೆ ಹೋಗುತ್ತಿದ್ದೆ.

ವಾಸಿಯಾಗಿ ಮನೆಗೆ ಬಂದಾಗಲೆಲ್ಲ ನೀನು ಮಾಡುತ್ತಿದ್ದ ಕೆಲಸವೂ ಕಣ್ಣ ಮುಂದಿದೆ. ತಲೆಗೆ ನೀರು ಹಾಕಿಕೊಂಡು, ಆ ದೊಡ್ಡ ಕವರಿನ ಸಮೇತ ಸ್ಕ್ಯಾನಿನ ಫಿಲ್ಮನ್ನು ನೀರೊಲೆಗೆ ತುರುಕುತ್ತಿದ್ದೆ. ಕಾಯಿಲೆಯ ಕಾಗದ ಮನೆಯಲ್ಲಿದ್ದರೆ ಕಾಯಿಲೆ ತಿರುಗಿ ಬರುತ್ತದೆ ಅಂತ ನಮ್ಮವ್ವ ಹೇಳಿದ್ದು ನಿನಗೆ ವೇದ. ನಾತ ಬರುತ್ತೆ, ಸುಡಬೇಡ ಅಂದರೆ ಕೇಳಿದ್ದೀಯಾ? ಮತ್ತೆ ನೋವು ಬಂದಾಗ ಡಾಕ್ಟರು ಹಳೇ ಫಿಲ್ಮ್ ಕೇಳುತ್ತಿದ್ದರು. ನೀನು ಏನೂ ಅರಿಯದವಳ ಹಾಗೆ ನನ್ನ ಮುಖ ನೋಡುತ್ತಿದ್ದೆ. ಅವರು ಹೊಸದಾಗಿ ಬರೆಯುತ್ತಿದ್ದರು. ನಿನಗೂ ಅದೇ ಬೇಕಿತ್ತು ಬಿಡು.

ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಒಂದು ಮಧ್ಯಾಹ್ನ ಗಂಜಿ ಲೋಟ ಪಕ್ಕಕ್ಕಿಟ್ಟು ಕೇಳಿದೆಯಲ್ಲ, "ಆ ಮಿಷನ್ನಿಂದ್ಲೇ ಬಂತೇನೇ ಇದು?" ಪಕ್ಕದ ಮನೆಯವಳು ಫೋನಿನಲ್ಲಿ ಏನೋ ವಿಡಿಯೋ ತೋರಿಸಿದ್ದಳು. ಡಾಕ್ಟರನ್ನು ಕೇಳಿ ಹೇಳುತ್ತೇನೆ ಅಂದೆ. ನಾನು ಕೇಳಿಕೊಂಡು ಬರುವಷ್ಟರಲ್ಲಿ ನಿನಗೆ ಮಾತು ತಿಳಿಯುವ ಸ್ಥಿತಿಯೇ... ಈಗ ಹೇಳುತ್ತೇನೆ, ಕೇಳು. ಅದರಿಂದಲೇ ಬಂತು ಅಂತ ಯಾರೂ ಹೇಳುವುದಕ್ಕಾಗುವುದಿಲ್ಲವಂತೆ, ಅದರಿಂದ ಬರಲಿಲ್ಲ ಅಂತಲೂ ಹೇಳುವುದಕ್ಕಾಗುವುದಿಲ್ಲವಂತೆ. ಅದು ಎಕ್ಸ್‌ರೇ ಕಿರಣವೇ, ಆದರೆ ಮಾಮೂಲಿ ಎಕ್ಸ್‌ರೇಗಿಂತ ಬಹಳ ಜಾಸ್ತಿ. ಒಂದು ಸಲಕ್ಕೆ ಆಗುವ ಅಪಾಯ ತೀರಾ ಸಣ್ಣದು, ಬೇಕಾದಾಗ ಹೆದರಿ ಮಾಡಿಸದೆ ಕೂತರೆ ಅದೇ ದೊಡ್ಡ ಅಪಾಯ. ಬೇಡದೆ ಇದ್ದರೂ ಮತ್ತೆ ಮತ್ತೆ ಮಾಡಿಸಿಕೊಂಡರೆ ಮಾತ್ರ ಆ ಸಣ್ಣದು ಸೇರುತ್ತಾ ಹೋಗುತ್ತದೆ. ಡಾಕ್ಟರು ಹೇಳಿದ್ದು ಇಷ್ಟೇ. ನಿನಗೆ ಸಮಾಧಾನವಾಗುತ್ತಿತ್ತೋ ಇಲ್ಲವೋ, ನನಗಂತೂ ಆಗಲಿಲ್ಲ.

ಭಾಗ್ಯ ಮೊದಲ ಸಲ ಬಸುರಿಯಾದಾಗ ನೀನು ಬೀದಿಗೆಲ್ಲ ಸಕ್ಕರೆ ಹಂಚಿದ್ದೆ. ಎರಡು ತಿಂಗಳಿಗೇ ಅದು ಹೋಯಿತು. ಜನರ ಕಣ್ಣು ಬಿತ್ತು ಅಂತ ನೀನು ಅವಳ ಕೈ ಎಳೆದು ನಿನ್ನ ತಲೆ ಮೇಲಿಟ್ಟುಕೊಂಡೆ. "ಇನ್ಮ್ಯಾಕೆ ಮೂರು ತಿಂಗ್ಳು ತುಂಬೋಗಂಟ ಯಾರ್ಗೂ ಬಾಯಿ ಬುಡ್ಬ್ಯಾಡ. ನಿನ್ ಗಂಡನ್ಗೂ ಹೇಳ್ಬ್ಯಾಡ, ನನ್ಮ್ಯಾಲಾಣೆ," ಅಂದೆ. ಬದುಕಿದ್ದವಳ ಆಣೆಯಾಗಿದ್ದರೆ ಅವಳು ಒಂದು ದಿನ ಜಗಳವಾಡಿ ಮುರಿಯುತ್ತಿದ್ದಳೇನೋ. ನೀನು ಹೋದ ಮೇಲೆ ಅದನ್ನು ಮುರಿಯುವುದು ಹೇಗೆ?

ಹೋದ ವರ್ಷ ನೆಂಟರ ಮದುವೆ ಅಂತ ಭಾಗ್ಯ, ಅವಳ ಅತ್ತೆ ಇಬ್ಬರೂ ಸರಗೂರಿನಿಂದ ಹುಣಸೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಭಾಗ್ಯ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಕೂತು, "ಚಿಕ್ಕಮ್ಮ, ಈ ಬ್ಲೌಸ್‌ಗೆ ಒಳಗಡೆ ಜಾಸ್ತಿ ಬಟ್ಟೆ ಬುಡು," ಅಂದಿದ್ದಳು. ಮಾರನೇ ಬೆಳಿಗ್ಗೆ ಸೊಂಟ ಹಿಡಿದು ಬಗ್ಗಿಬಿಟ್ಟಳು. ನಿನ್ನದೇ ನೋವು, ನಿನ್ನದೇ ಜಾಗ. ತಾಯಿಗೂ ಕಲ್ಲಿತ್ತು ಅಂದ ಕೂಡಲೇ ಡಾಕ್ಟರು ಸಿಟಿ ಸ್ಕ್ಯಾನ್ ಬರೆದರು. ಈಗ ನಮ್ಮ ಹುಣಸೂರಿಗೇ ಮಿಷನ್ ಬಂದಿದೆ ಅಕ್ಕ. ನೀನಿದ್ದಿದ್ದರೆ ಬಸ್ ಇಳಿದು ಮೊದಲು ಅಲ್ಲಿಗೇ ಹೋಗಿ, ಆಮೇಲೆ ನಮ್ಮ ಮನೆಗೆ ಬರುತ್ತಿದ್ದೆ.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ, ಗರ್ಭಿಣಿಯರು ಮೊದಲೇ ತಿಳಿಸಬೇಕು ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಮಿಷನ್ ನಡೆಸುವ ಹೆಣ್ಣುಮಗಳೂ ಕೇಳಿದಳು, "ಏನಾದ್ರೂ ವಿಶೇಷ ಇದ್ಯಾಮ್ಮ? ತಿಂಗಳು ಸರಿಯಾಗಿ ಆಯ್ತಾ?" ಭಾಗ್ಯ ಪಕ್ಕದಲ್ಲಿದ್ದ ಅತ್ತೆಯನ್ನು ಒಂದು ಸಲ ನೋಡಿ, "ಊಂ, ಆಯ್ತು. ಏನೂ ಇಲ್ಲ," ಅಂದಳು. ಆ ನೋಟ ನನಗೆ ಸರಿ ಕಾಣಲಿಲ್ಲ. ಬ್ಲೌಸಿಗೆ ಜಾಸ್ತಿ ಬಟ್ಟೆ ಬಿಡಿಸಿಕೊಂಡಿದ್ದು ಯಾಕೆ ಅಂತ ಆಗ ತಲೆಗೆ ಹೊಳೆಯಿತು. ರಟ್ಟೆ ಹಿಡಿದು ಮೂಲೆಗೆ ಎಳೆದುಕೊಂಡು ಹೋದೆ.

"ನಿಜ ಹೇಳಮ್ಮಿ."

"ಏನಿಲ್ಲ ಬುಡು ಚಿಕ್ಕಮ್ಮ, ನೋವು ತಡೀನಾರೆ."

"ನಿಮ್ಮವ್ವನ ಆಣೆಗೆ ಹೆದ್ರಿ ಸುಳ್ಳು ಹೇಳ್ತಿದ್ದೀಯಾ?"

ಅವಳು ಅತ್ತಳು. "ಹೋದ್ಸಲ ಹೇಳಿದ್ದುಕ್ಕೇ ಹೋಯ್ತು," ಅಂದಳು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

"ಹೇಳಿದ್ದುಕ್ಕೆ ಯಾವ ಬಸುರೂ ಹೋಗಕಿಲ್ಲ ಕಣಮ್ಮಿ. ನಿಮ್ಮವ್ವನ್ಗೆ ನಾನು ಹೇಳ್ಕೊತೀನಿ ಬುಡು," ಅಂದವಳೇ ವಾಪಸ್ ಹೋಗಿ, ಎಲ್ಲರ ಮುಂದೆ ಗಟ್ಟಿಯಾಗಿ, "ಮಿಷನ್ ನಿಲ್ಸಿ, ನಮ್ಮುಡುಗಿ ಬಸುರಿ ಇರ್ಬೌದು," ಅಂದೆ. ನೋಡು, ನಿನ್ನ ಆಣೆ ಮುರಿದದ್ದು ಅಲ್ಲಿ. ಪರೀಕ್ಷೆ ಮಾಡಿದರು, ಎರಡು ಗೆರೆ ಬಂತು.

ನಿನ್ನ ಬೀಗಿತ್ತಿ ಆಗ ಆಡಿದ ಮಾತನ್ನು ನಿನಗೆ ಹೇಳಲೇಬೇಕು. ಬೈಯುತ್ತಾರೆ ಅಂತ ನಾನು ಸೆರಗು ಬಿಗಿದು ನಿಂತಿದ್ದೆ. ಅವರು ಮೆತ್ತಗೆ, "ನಂಗ್ಯಾಕೆ ಹೇಳ್ನಿಲ್ಲ ಮಗಾ? ನಾನು ನಿಂಗೆ ಕಣ್ಣಾಕ್ತಿದ್ನಾ?" ಅಂದರು. ಪಾಪ, ಅವರ ಮುಖ ನೋಡಲಾಗಲಿಲ್ಲ. ಡಾಕ್ಟರು ಸಿಟಿ ಸ್ಕ್ಯಾನ್ ಬಿಟ್ಟು, ಹೊಟ್ಟೆಗೆ ತಣ್ಣನೆಯದು ಸವರಿ ನೋಡುತ್ತಾರಲ್ಲ, ಆ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಆ ಕಿರಣ ಇಲ್ಲವಂತೆ. ಕಲ್ಲು ಅದರಲ್ಲೇ ಕಾಣಿಸಿತು. ಗೊತ್ತಿಲ್ಲದೆ ಸಿಟಿ ತೆಗೆದಿದ್ದರೂ ಪ್ರಳಯವೇನೂ ಆಗುತ್ತಿರಲಿಲ್ಲ, ಆದರೆ ಬೇರೆ ದಾರಿ ಇರುವಾಗ ಕೂಸಿಗೆ ಅದನ್ನು ಯಾಕೆ ತಗುಲಿಸಬೇಕು ಅಂದರು. ನೀರು ಕುಡಿದೂ ಕುಡಿದೂ ಕಲ್ಲು ತಾನಾಗಿ ಬಿದ್ದುಹೋಯಿತು.

ಆಮೇಲೆ ಎಷ್ಟೋ ದಿನ ಭಾಗ್ಯ ನನಗೆ ಫೋನೇ ಮಾಡಲಿಲ್ಲ. ನಾನೂ ಸರಗೂರಿನಿಂದ ಫೋನ್ ಬಂದರೆ ಎತ್ತಲು ಹೆದರುತ್ತಿದ್ದೆ. ಏನಾದರೂ ಆಗಿದ್ದರೆ ನನ್ನ ಬಾಯಿಂದಲೇ ಆಯಿತು ಅನ್ನುತ್ತಿದ್ದರು. ಕಣ್ಣು ಗಿಣ್ಣು ಏನೂ ಇಲ್ಲ ಅಂತ ಬುದ್ಧಿ ಹೇಳಿದವಳು ನಾನೇ, ದಿನಾ ಮನಸ್ಸಿನಲ್ಲೇ ನಿನ್ನ ಕಾಲು ಹಿಡಿಯುತ್ತಿದ್ದವಳೂ ನಾನೇ. ನಗಬೇಡ.

ಮೊನ್ನೆ ಮೈಸೂರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನೀನು ಅಜ್ಜಿಯಾದೆ ಅಕ್ಕ. ಭಾಗ್ಯ ಕೂಸನ್ನು ಮೊದಲು ನನ್ನ ಕೈಗೇ ಕೊಟ್ಟಳು. ಕಿಟಕಿ ಹತ್ತಿರ ನಿಂತುಕೊಂಡು ನಿನ್ನನ್ನು ಚೆನ್ನಾಗಿ ಬೈದೆ, ಇಷ್ಟು ಬೇಗ ಹೋಗಿದ್ದಕ್ಕೆ. ನಿನ್ನ ಮೊಮ್ಮಗಳು ಅಷ್ಟು ಬೈದರೂ ಏಳಲಿಲ್ಲ, ನಿದ್ದೆ ಮಾಡುತ್ತಲೇ ಇದ್ದಳು.

ನಿನ್ನ ತಂಗಿ