ತೊಳೆದು ಚೆಲ್ಲಿದ ಎದೆಬಡಿತ

ಸ್ಫಾಕ್ಸ್,
ಏಪ್ರಿಲ್ ೧೪, ಭಾನುವಾರ

ಪ್ರೀತಿಯ ಮೊನ್ಸೆಫ್ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಮಂಡಿನೋವು ಇಳಿಯಿತೇ? ಮಾರ್ಸೇಯಲ್ಲಿ ಹಬ್ಬದ ದಿನವೂ ನಿನಗೆ ಬಸ್ಸು ಓಡಿಸುವ ಪಾಳಿ ಇತ್ತಂತೆ. ಇಲ್ಲಿ ಅಮ್ಮ ನಿನ್ನ ಪಾಲಿನ ಉಪ್ಪುಮೀನಿಗೆ ದ್ರಾಕ್ಷಿ-ಈರುಳ್ಳಿ ಗೊಜ್ಜು ಸುರಿದು, "ಇರ್ಲಿ ಬಿಡೇ, ಅವನ ಹೆಸರಲ್ಲಿ ಒಂದು ತಟ್ಟೆ" ಎಂದು ಸಂಜೆಯವರೆಗೂ ಮುಚ್ಚಿಟ್ಟಿದ್ದಳು. ಕೊನೆಗೆ ನಾನೇ ತಿಂದೆ, ಚೆನ್ನಾಗಿತ್ತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಮ್ಮನ ಮೆದುಳಿನ ಡಾಕ್ಟರೂ ನನ್ನ ಮೇಲಧಿಕಾರಿಯೂ ಆದ ಪ್ರೊಫೆಸರ್ ಶಾಕಿರ್ ಸಾಹೇಬರಿಗೆ ತಂಗಿ ಎದುರು ಮಾತಾಡಿದಳೆಂದು ನಿನಗೆ ಸಿಟ್ಟು. ಅದಕ್ಕೇ ನಿಮ್ಮೂರಿಗೆ, ಮಗನ ಮನೆಗೆ ಹೊರಟಿರುವ ಪಕ್ಕದ ಮನೆಯ ಝೊಹ್ರಾ ಚಿಕ್ಕಮ್ಮನ ಕೈಯಲ್ಲಿ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ನಿನ್ನಿಂದಾಗದು.

ನಾಡಿದ್ದು ಮಂಗಳವಾರ ಅಮ್ಮನ ತಲೆ ತೆರೆಯಬೇಕಿತ್ತು. ಆಗಾಗ ಬೀಳುತ್ತಾಳೆ, ಮೂರ್ಛೆರೋಗ, ಮಾತ್ರೆಗೆ ಬಗ್ಗುತ್ತಿಲ್ಲ, ಮೆದುಳಿನ ಎಡಗಡೆ ಒಂದು ತುಣುಕು ಕತ್ತರಿಸಿದರೆ ಸರಿಹೋಗುತ್ತದೆ ಎಂದು ನಿನ್ನ ಸಾಹೇಬರ ತೀರ್ಪು. ಕತ್ತರಿ ಸ್ವಲ್ಪ ಅತ್ತಿತ್ತ ಆದರೆ ಮಾತೇ ಹೋಗಬಹುದು ಎಂಬುದನ್ನು ಮಾತ್ರ ಕೆಮ್ಮಿನ ನಡುವೆ ಹೇಳಿ ಮುಗಿಸಿದ್ದರು. ಬೈಯಲು ಬಾರದ ನಮ್ಮಮ್ಮನನ್ನು ಊಹಿಸಿಕೋ!

ನನ್ನ ಕೆಲಸ ಏನೆಂದು ನೀನು ಒಂದು ದಿನವೂ ಕೇಳಿದವನಲ್ಲ. ಈಗ ಕೇಳು. ತಲೆಗೆ ತಂತಿಗಳ ಟೋಪಿ ಹಾಕಿ ರೋಗಿಯನ್ನು ಎಂ.ಆರ್.ಐ. ಸುರಂಗದೊಳಗೆ ಮಲಗಿಸುತ್ತಾರೆ. ಮೆದುಳಿನ ಚಿತ್ರ, ಅದರ ವಿದ್ಯುತ್ ಅಲೆಗಳು, ಎರಡೂ ಒಂದೇ ಸಲಕ್ಕೆ ಬೇಕು. ಯಂತ್ರದ ಗದ್ದಲ ಅಲೆಗಳ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರವಾಗಿರುತ್ತದೆ. ಆ ಕೊಳೆ ತೊಳೆಯುವುದೇ ನನ್ನ ಕೆಲಸ. ಯಂತ್ರದ ಗದ್ದಲ ತೆಗೆದರೆ ಎದೆಬಡಿತದ ಕಾಟ. ಆ ಅಯಸ್ಕಾಂತದೊಳಗೆ ಪ್ರತಿ ಬಡಿತಕ್ಕೂ ತಲೆ ಕೂದಲೆಳೆಯಷ್ಟು ಮಿಸುಕುತ್ತದೆ, ತಂತಿಗಳು ಅದನ್ನೂ ಬರೆದುಕೊಳ್ಳುತ್ತವೆ. ಅದಕ್ಕೆ ಬೆನ್ನಿಗೊಂದು ತಂತಿ ಅಂಟಿಸಿ ಎದೆಬಡಿತದ ಗೆರೆಯನ್ನು ಬೇರೆ ಹಿಡಿಯುತ್ತೇವೆ. ಬಡಿತಗಳನ್ನೆಲ್ಲ ಸೇರಿಸಿ ಸರಾಸರಿ ಅಚ್ಚು ತೆಗೆದು, ಪ್ರತಿ ಬಡಿತದ ಜಾಗದಲ್ಲೂ ಅದನ್ನು ಕಳೆಯುತ್ತೇವೆ. ಉಳಿದದ್ದು ಮೆದುಳು. ಕೆಲಸ ಮುಗಿದ ಕೂಡಲೇ ಎದೆಯ ಗೆರೆಯನ್ನು ಅಳಿಸಿಹಾಕುವುದು ಸಾಹೇಬರ ಪದ್ಧತಿ. "ಪಾತ್ರೆ ತೊಳೆದ ನೀರನ್ನ ಯಾರಾದ್ರೂ ತೆಗೆದಿಡ್ತಾರೇನಮ್ಮಾ?" ಎನ್ನುತ್ತಾರೆ. ಸುತ್ತಲಿನ ಬಾಲಬಡುಕರು ಪ್ರತಿಸಲವೂ ನಗಬೇಕು, ನಗುತ್ತಾರೆ.

ಸ್ವಂತದವರ ದಾಖಲೆ ಮುಟ್ಟಬಾರದೆಂದು ನನ್ನನ್ನು ದೂರವಿಟ್ಟು ಅಮ್ಮನದನ್ನು ಅವರ ಮುದ್ದಿನ ಶಿಷ್ಯನೊಬ್ಬ ತೊಳೆದ. ಅದೇ ಚಿತ್ರವನ್ನು ಹಮ್ಮಾಮೆತ್‌ನ ಕಡಲ ದಂಡೆಯ ಹೋಟೆಲಿನ ಸಮ್ಮೇಳನದಲ್ಲಿ ಗೋಡೆಯಗಲ ತೋರಿಸಿದರು. ಎಡಗಡೆ ಒಂದು ಕೆಂಪು ಚುಕ್ಕೆ. "ನೋಡಿ, ಎಷ್ಟು ಶುಭ್ರವಾಗಿದೆ!" ಎಂದರು, ಜನ ಚಪ್ಪಾಳೆ ತಟ್ಟಿದರು. ಥೂ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ.

ಆ ಸುದ್ದಿ ಹೇಳಿದಾಗ ಅಮ್ಮ ಮೂಗು ಮುರಿದಳು. "ಒಳಗೆ ಮಲಗಿದ್ದಾಗ ಎದೆ ಮೀನಿನ ಹಾಗೆ ವಿಲವಿಲ ಅಂತು ಕಣೇ. ಹೇಳಿದ್ರೆ ನಿಮ್ಮ ಆ ದೊಡ್ಡ ಮನುಷ್ಯ, 'ಹಜ್ಜಾ ಅಮ್ಮಾ, ಅಲ್ಲಾಡ್ಬೇಡಿ, ಚಿತ್ರ ಕೆಡುತ್ತೆ' ಅಂದ." ನಾನು ಆಸ್ಪತ್ರೆಗೆ ಓಡಿದೆ. ಯಂತ್ರದಲ್ಲಿ ಇನ್ನೂ ಉಳಿದಿದ್ದ ತೊಳೆಯದ ದಾಖಲೆಯನ್ನು ತೆಗೆದೆ. ಅಮ್ಮನ ಎದೆ ಒಮ್ಮೊಮ್ಮೆ ಅವಸರದಲ್ಲಿ ಬಡಿದು, ಆಮೇಲೆ ಸುಮ್ಮನಾಗಿಬಿಡುತ್ತದೆ. ಆ ತಪ್ಪು ಬಡಿತದ ಮೇಲೆ ಸರಾಸರಿ ಅಚ್ಚು ಕೂರುವುದಿಲ್ಲ. ಕಳೆದ ಮೇಲೂ ಒಂದು ಚೂಪು ಗೆರೆ ಉಳಿಯುತ್ತದೆ. ಅದನ್ನೇ ಆ ಮಹಾಪಂಡಿತರು ಮೂರ್ಛೆರೋಗದ ಗುರುತು ಎಂದುಕೊಂಡು ಕತ್ತರಿ ಮಸೆದಿದ್ದರು. ಹೇಳಲು ಹೋದರೆ, "ತಾಯಿ ಮೇಲಿನ ಮಮತೆಯಲ್ಲಿ ಲೆಕ್ಕ ತಪ್ಪಿದ್ದೀರಿ, ಮನೆಗೆ ಹೋಗಿ ಚಹಾ ಕುಡೀರಿ" ಎಂದು ಎಲ್ಲರ ಮುಂದೆ ನಕ್ಕರು. ಆಮೇಲೆ ನಿನಗೆ ಫೋನ್ ಮಾಡಿ ದೂರಿದರು. ನೀನು ನನಗೆ, "ಓದಿದ್ದು ಹೆಚ್ಚಾಯ್ತು ನಿಂಗೆ" ಎಂದೆ. ಇರಲಿ.

ನಾನು ಅಮ್ಮನನ್ನು ಹೃದಯದ ಡಾಕ್ಟರ್ ನೈಲಾ ಹತ್ತಿರ ಕರೆದೊಯ್ದೆ. ಎದೆಗೆ ಬಡಿತ ಬರೆದುಕೊಳ್ಳುವ ಪುಟ್ಟ ಪೆಟ್ಟಿಗೆಯೊಂದನ್ನು ಕಟ್ಟಿ ಕಳಿಸಿದರು. ಮರುದಿನ ಅಮ್ಮ ಒಲೆಯ ಮುಂದೆ ಸಾರಿನ ಸೌಟು ಹಿಡಿದೇ ಬಿದ್ದಳು. ಆ ಹೊತ್ತಿಗೆ ಎದೆ ಕೆಲವು ಕ್ಷಣ ನಿಂತೇಹೋಗಿದ್ದುದು ಪೆಟ್ಟಿಗೆಯಲ್ಲಿ ದಾಖಲಾಗಿದೆ. ಮೆದುಳಿಗೆ ಏನೂ ಆಗಿಲ್ಲ ಅಣ್ಣ, ಎಂದೂ ಆಗಿರಲಿಲ್ಲ. ಅವಳ ರೋಗ ಯಾವುದೋ, ಅದನ್ನೇ ಕೊಳೆ ಎಂದು ತೊಳೆದು ಚೆಲ್ಲಿದ್ದರು. ತಲೆಯ ಆಪರೇಷನ್ ರದ್ದಾಯಿತು. ಎದೆಗೆ ಬಡಿತ ಕಾಯುವ ಯಂತ್ರ ಇಡುತ್ತಾರೆ, ಸಣ್ಣ ಕೆಲಸವಂತೆ. ಸಾಹೇಬರು ಈಗ ಕಾರಿಡಾರಿನಲ್ಲಿ, "ನನಗೆ ಮೊದಲೇ ಅನುಮಾನವಿತ್ತು" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನಾಚಿಕೆಯೂ ಅವರ ಹತ್ತಿರ ಬರಲು ನಾಚಬೇಕು. ಇಂಥವನನ್ನು ನೀನು ದೇವರ ಪಕ್ಕದಲ್ಲಿ ಕೂರಿಸಿದ್ದೆಯಲ್ಲ!

ಅಮ್ಮ ನಿನಗೂ ಮಕ್ಕಳಿಗೂ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಎರಡು ಬೈಗುಳ. ಅತ್ತಿಗೆಗೆ ನನ್ನ ನೆನಪು ತಿಳಿಸು.

ನಿನ್ನ ತಂಗಿ,
ದಲಂದಾ

ಮರೆಯುವ ಮುನ್ನ: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಝೊಹ್ರಾ ಚಿಕ್ಕಮ್ಮನ ಟ್ಯಾಕ್ಸಿ ಬಾಗಿಲಲ್ಲಿ ನಿಂತು ಹಾರ್ನ್ ಬಡಿದುಕೊಳ್ಳುತ್ತಿದೆ. ಈ ಕಾಯಿಲೆ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದಂತೆ. ನಿನ್ನೆ ನನ್ನ ಎದೆಯನ್ನೂ ನೋಡಿದರು, ಅಮ್ಮನದೇ ಪಡಿಯಚ್ಚು. ನಿನ್ನದನ್ನು ಇನ್ನೂ ಯಾರೂ ನೋಡಿಲ್ಲ. ನಿನ್ನ ಬೆನ್ನ ಹಿಂದೆ ಬಸ್ಸಿನ ತುಂಬ ಜನ ಕೂತಿರುತ್ತಾರೆ ಅಣ್ಣ. ಪರೀಕ್ಷೆ ಆಗುವವರೆಗೆ ಸ್ಟಿಯರಿಂಗ್ ಮುಟ್ಟಬೇಡ. ನನ್ನ ಮೇಲಿನ ಸಿಟ್ಟನ್ನು ಬದುಕಿದ್ದು ತೀರಿಸಿಕೋ. ಫೋನ್ ಎತ್ತು.