ಗಂಜಿ ತಣಿಯುವ ಮೊದಲು

ಏಳನೆಯ ಕಡಲೇರಿಕೆಯ ನಂತರದ ವರ್ಷ ನಲವತ್ತೊಂದು,
ಎರಡನೆಯ ಆಟಿ ತಿಂಗಳು, ಮೂವತ್ತನಾಲ್ಕನೆಯ ದಿನ.
ಮೇಲಣ ಕಾರ್ಕಳ.

ಸ್ಯಾಕ್ಸೋಫೋನ್ ವಾದಕರಾದ ಲೋಕಯ್ಯ ಸೇರಿಗಾರರಿಗೆ ಅಬ್ಬೋಲಿ ಎಂಬ ಮುದುಕಿಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ನಿಲ್ಲದ ಕಾರಣ ನಾವು ಮಳೆಗಾಲದ ಆಟಿ ತಿಂಗಳನ್ನು ಎರಡು ಮಾಡಿ, ಅದರ ದಿನಗಳನ್ನೂ ಹೆಚ್ಚಿಸಿಕೊಂಡಿದ್ದೇವೆ, ಅಷ್ಟೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹರಿದ ಪುಸ್ತಕಗಳಿಂದ ಕಲಿತವಳು ನಾನು. ಈ ಪತ್ರವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಹೋಗುತ್ತದೆ ಎನ್ನುತ್ತಾರೆ, ಯಾರಿಗೂ ಉತ್ತರ ಬಂದದ್ದನ್ನು ನಾನು ಕಂಡಿಲ್ಲ. ಆದರೆ ನನ್ನ ತಲೆ ಕೆಟ್ಟುಹೋಗಿದೆ, ಕೆಡಿಸಿದವರು ನೀವೇ. ಇನ್ನು ಯಾರಿಗೆ ಬರೆಯಲಿ?

ನಿಮ್ಮ ಚರಿತ್ರೆಯನ್ನು ಮಕ್ಕಳಿಗೆ ಹೇಳಿಕೊಡುವ ಹಾಗೆಯೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ನೀವು ಮೂಲ್ಕಿಯವರು. ನಿಮ್ಮ ಮನೆತನದವರು ಮದುವೆಗಳಲ್ಲಿ, ದೇವಸ್ಥಾನಗಳಲ್ಲಿ ನಾಗಸ್ವರ ಊದುತ್ತಿದ್ದರು. ನಿಮ್ಮ ತಂದೆಯ ಕಾಲಕ್ಕೆ ಸ್ಯಾಕ್ಸೋಫೋನ್ ಬಂತು. ಒಂದು ಮದುವೆಯಲ್ಲಿ ಧಾರೆ ಮುಗಿದರೂ ನೀವು ನಿಲ್ಲಿಸಲಿಲ್ಲ. ರಾಗ ಬಿಟ್ಟಿರಿ, ತಾಳ ಬಿಟ್ಟಿರಿ, ಡೋಲಿನವ ಕೈಕಟ್ಟಿ ಕೂತ. ಹೆಣ್ಣಿನ ಸೋದರಮಾವ, "ಎಂತ ಮಾರಾಯ, ಇದು ಮದುವೆಯಾ, ಸತ್ತವರ ಬೊಜ್ಜವಾ?" ಎಂದು ನಿಮ್ಮ ರಟ್ಟೆ ಹಿಡಿದು ಹೊರಗೆ ಕೂರಿಸಿದರು. ಆಮೇಲೆ ಯಾರೂ ಕರೆಯಲಿಲ್ಲ. ಮುಂಬೈಗೆ ಹೋಗಿ ಹಗಲು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ದಿರಿ, ಸಂಜೆ ಅದರ ತಾರಸಿಯ ಮೇಲೆ ಊದಿದಿರಿ. ಕೇಳಿದವರು ಯಾರೋ ಜರ್ಮನಿಗೆ ಕರೆಸಿದರು. ಅಲ್ಲಿ ಅರ್ಧ ಸಭೆ ಎದ್ದು ಹೋಯಿತು, ಉಳಿದರ್ಧ ಎದ್ದು ನಿಂತು ಚಪ್ಪಾಳೆ ತಟ್ಟಿತು. ಊರೂರು ಸುತ್ತಿ, ಹಲ್ಲು ಅಲುಗಾಡಲು ಶುರುವಾದ ಮೇಲೆ ಹಿಂದಿರುಗಿ, ಮಂಗಳೂರಿನ ಮುಚ್ಚಿದ ಹೆಂಚಿನ ಕಾರ್ಖಾನೆಯೊಂದರಲ್ಲಿ ದಿನಾ ಸಂಜೆ ಊದುತ್ತಿದ್ದಿರಿ. ಕೇಳುವವರು ನಿಮ್ಮ ಹೆಂಡತಿ ಸುಂದರಿಯಮ್ಮ ಮಾತ್ರ. "ಫ್ರೀ ಜಾಝ್" ಎನ್ನುವುದು ನಿಮ್ಮ ಮನೆಯ ಹೆಸರೆಂದು ನಮ್ಮವರು ನಂಬಿದ್ದಾರೆ. ನನಗೂ ಬೇರೆ ಗೊತ್ತಿಲ್ಲ.

ಮೊದಲ ಸಲ ಕಡಲು ಏರಿದಾಗ ಓಡಿಬಂದವರ ಗಂಟಿನಲ್ಲಿ ಉಳಿದದ್ದು ಒಂದೇ ಸಂಗೀತ: ಆ ಕಾರ್ಖಾನೆಗೆ ಒಂದು ಸಂಜೆ ಯಾರೋ ಬಂದು ನಿಮ್ಮ ಪರಿಚಯ ಹೇಳಿ ಮುದ್ರಿಸಿಕೊಂಡ "ಕಡಲ ಬಾಯಿ". ಹಾಗಾಗಿ ನಮಗೆ ಸಂಗೀತ ಎಂದರೆ ಅದೇ. ಮಗು ಹುಟ್ಟಿದರೆ ಆ ಮುದ್ರಿಕೆಯ ಮೊದಲ ಕಿರುಚು, ಮದುವೆಗೆ ನಡುವಿನ ಗೊಗ್ಗರು ಸದ್ದು, ಯಾರಾದರೂ ತೀರಿಕೊಂಡರೆ ಕೊನೆಯ ಉದ್ದ ಉಸಿರು. ವರ್ಷಕ್ಕೊಮ್ಮೆ, ಹಡಗಿನ ಹಿತ್ತಾಳೆ ಕರಗಿಸಿ ಮಾಡಿದ ನಮ್ಮ ಒಂದೇ ಒಂದು ಸ್ಯಾಕ್ಸೋಫೋನಿನಲ್ಲಿ ಪೂರ್ತಿ ಪಡಿಯೂದಿಕೆ ನಡೆಯುತ್ತದೆ. ಪಡಿಯೂದಿಕೆ ಎಂದರೆ ಕೇಳಿದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಊದುವುದು. ನಡುವೆ ನೀವು ಕೆಮ್ಮುತ್ತೀರಲ್ಲ, ಅಲ್ಲಿ ಕೆಮ್ಮಲು ಒಂದು ಮನೆತನವೇ ಇದೆ. ಅವರ ಜಂಭ ನೋಡಬೇಕು ನೀವು. ಹೆಂಚು ಬಿದ್ದ ಸದ್ದಿಗೆ ಹೆಂಚು ಬೀಳಿಸಲು ಇನ್ನೊಂದು ಮನೆ. ಮುದ್ರಿಕೆಯ ಕೊನೆಗೆ ಸುಂದರಿಯಮ್ಮ, "ಸಾಕು ಮಾರ್ರೆ, ಗಂಜಿ ತಣಿಯಿತು" ಎನ್ನುತ್ತಾರೆ. ಊದಿಕೆಯಲ್ಲಿ ಆ ಮಾತು ಹೇಳುವ ಪಾಲು ನನ್ನದು, ತಾಯಿಯಿಂದ ಬಂದದ್ದು. ನಾನು ಹೇಳುವವರೆಗೆ ಊದಿಕೆ ಮುಗಿಯುವುದಿಲ್ಲ. ಹೇಳಿದ ಕೂಡಲೇ ಹಿರಿಯರು ತೀರ್ಪು ಕೊಡುತ್ತಾರೆ, ತಪ್ಪಿದವರು ಮತ್ತೆಂದೂ ವಾದ್ಯ ಮುಟ್ಟುವಂತಿಲ್ಲ. ಅದಕ್ಕೆ ಬಾಯಿ ಕಟ್ಟುವುದು ಎನ್ನುತ್ತೇವೆ.

ನಾಳೆ ಊದುವವಳು ನನ್ನ ಮೊಮ್ಮಗಳು ತುಂಬೆ. ಕಾಣೆಯಾದ ಗಿಡಗಳ ಹೆಸರನ್ನು ನಾವು ಮಕ್ಕಳಿಗೆ ಇಡುತ್ತೇವೆ. ನನ್ನ ಹೆಸರೂ ಹಾಗೆಯೇ ಬಂದದ್ದು. ಈ ಹುಡುಗಿಗೆ ಊಟ ಬೇಡ, ನಿದ್ದೆ ಬೇಡ, ಆ ವಾದ್ಯ ಒಂದಿದ್ದರೆ ಸಾಕು. ಆದರೆ ಅಭ್ಯಾಸ ಮಾಡುವಾಗ ಕೆಮ್ಮು ದಾಟಿದ್ದೇ ತಡ, ಪಾಠ ಬಿಟ್ಟು ಊದುತ್ತಾ ಎಲ್ಲಿಗೋ ಹೊರಟುಬಿಡುತ್ತಾಳೆ. ಬೈದೆ, ಗೋಗರೆದೆ, ಕಾಲು ಹಿಡಿಯುವುದೊಂದು ಬಾಕಿ. "ನಾನೆಂತ ಮಾಡುದು ಅಜ್ಜಿ? ಅಲ್ಲಿ ದಾರಿ ಉಂಟು, ಕಾಲು ತನ್ನಷ್ಟಕ್ಕೆ ಹೋಗ್ತದೆ" ಎನ್ನುತ್ತಾಳೆ. ನಾಳೆ ಹಾಗೆ ಮಾಡಿದರೆ ಬಾಯಿ ಕಟ್ಟುತ್ತಾರೆ ಮಗಾ ಎಂದರೆ ಅಳುತ್ತಾಳೆ. ಮಾಡುವುದಿಲ್ಲ ಎಂದು ಮಾತ್ರ ಹೇಳುವುದಿಲ್ಲ.

ಇಷ್ಟರ ನಡುವೆ ಮೊನ್ನೆ ಮುಳುಗುಗಾರರು ಕಡಲ ತಳದಿಂದ ಇನ್ನೊಂದು ಮುದ್ರಿಕೆ ಎತ್ತಿ ತಂದು, ಏನೆಂದು ನೋಡಲು ನನಗೆ ಕೊಟ್ಟರು. ಅದೇ ಕಾರ್ಖಾನೆ, ಅದೇ ಉಸಿರು, "ಇದು ಕಡಲ ಬಾಯಿ" ಎನ್ನುವ ಅದೇ ನಿಮ್ಮ ಗಂಟಲು. ಆದರೆ, ಅಯ್ಯೋ ದೇವರೇ, ಒಂದು ಸ್ವರವೂ ಹೊಂದುವುದಿಲ್ಲ! ಕಿರುಚಬೇಕಾದಲ್ಲಿ ಪಿಸುಗುಟ್ಟಿದ್ದೀರಿ. ಕೆಮ್ಮೇ ಇಲ್ಲ. ಯಂತ್ರ ಕೆಟ್ಟಿದೆ ಅಂದುಕೊಂಡೆ, ನನ್ನ ಕಿವಿ ಕೆಟ್ಟಿದೆ ಅಂದುಕೊಂಡೆ, ನಿಮ್ಮ ಪಾಠ ನಿಮಗೇ ಮರೆತಿದೆ ಅಂದುಕೊಂಡೆ. ಕೊನೆಯಲ್ಲಿ ಸುಂದರಿಯಮ್ಮ ಕೇಳುತ್ತಾರೆ: "ಇವತ್ತೂ ಬೇರೆಯೇ ಊದಿದ್ರಲ್ಲ. ನಿನ್ನೆದು ಎಲ್ಲಿಗೆ ಹೋಯ್ತು?" ನೀವು ನಗುತ್ತೀರಿ. "ನಿನ್ನೆದು ನಿನ್ನೆಗೆ ಆಯ್ತು ಮಾರಾಯ್ತಿ."

ಆ ನಗು ನನಗೆ ಅರ್ಥವಾಗುತ್ತಿಲ್ಲ ಸೇರಿಗಾರರೇ. ಸರಿಯಾದದ್ದು ಯಾವುದು? ಎರಡೂ ಸರಿಯೇ? ಎರಡೂ ತಪ್ಪೇ? ಇಷ್ಟು ತಲೆಮಾರು ನಾವು ನಿಮ್ಮ ಒಂದು ಸಂಜೆಯ ಶೀತವನ್ನು ಹೊತ್ತು ತಿರುಗಿದೆವೇ? ಇಲ್ಲಿ ಬಾಯಿ ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತವರೆಲ್ಲ ನಿಮ್ಮ ಹಾಗೆಯೇ ಊದಿದವರೋ, ಬರೇ ತಪ್ಪು ಊದಿದವರೋ? ಹೇಗೆ ಗೊತ್ತುಮಾಡುವುದು? ಮೊದಲ ಮುದ್ರಿಕೆಯಲ್ಲೇ ಒಂದು ಮಾತು ಹೇಳಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಸಿಟ್ಟು ಬರುತ್ತದೆ, ಮರುಗಳಿಗೆ ಆ ನಗು ನೆನಪಾಗಿ ನನಗೂ ನಗು ಬರುತ್ತದೆ. ಈ ಹೊಸ ಮುದ್ರಿಕೆಯನ್ನು ಕೆಮ್ಮಿನ ಮನೆಯ ಹಿರಿಯನಿಗೆ ಕೇಳಿಸಿದೆ. "ಕೆಮ್ಮಿಲ್ಲ, ಹಾಗಾದ್ರೆ ಇದು ಅವರಲ್ಲ" ಎಂದು ಎದ್ದು ಹೋದ. ಉಳಿದವರೂ ಅದನ್ನೇ ಹೇಳುತ್ತಾರೆ.

ಆಗುವುದಾದರೆ ಉತ್ತರ ಬರೆಯಿರಿ. ನಾಳೆಯೊಳಗೆ ಬರಲಾರದು ಎಂದು ಗೊತ್ತಿದೆ. ಹಾಗಾಗಿ ನನಗೆ ತೋಚಿದ್ದನ್ನು ಮಾಡುತ್ತೇನೆ, ಅದು ಸರಿಯೋ ತಪ್ಪೋ ತಿಳಿಯದು. ನಾಳೆ ತುಂಬೆ ತನ್ನ ದಾರಿ ಹಿಡಿದರೆ ಸಭೆಯೆಲ್ಲ ನನ್ನ ಕಡೆ ತಿರುಗುತ್ತದೆ, ಹೇಳು, ಮುಗಿಸು ಎಂದು. ಮುಗಿಯದ ಊದಿಕೆಗೆ ತೀರ್ಪಿಲ್ಲ. ಅದು ಅವರೇ ಮಾಡಿದ ನಿಯಮ. ನಾನು ತುಟಿ ಬಿಚ್ಚುವುದಿಲ್ಲ. ಅವಳು ಊದಲಿ, ಬೇಕಾದಷ್ಟು ಊದಲಿ, ನಾಡಿದ್ದೂ ಊದಲಿ. ಅವರ ಮಾತನ್ನು ನುಂಗಿಕೊಳ್ಳುವುದಕ್ಕೆ ನನ್ನ ಪರವಾಗಿ ಸುಂದರಿಯಮ್ಮನಲ್ಲಿ ಕ್ಷಮೆ ಕೇಳಿ.

ಗಂಜಿ ತಣಿದರೆ ತಣಿಯಲಿ.

ಅಬ್ಬೋಲಿ